ಶ್ರೀಮಾನ್ ಪರದೆಯವರೊಡನೆ

ಟೋಕಿಯೋ ಮಹಾನಗರವನ್ನು ದೂರದಿಂದಲೇ ಬಳಸಿಕೊಂಡು ಸಾಗುವ ರಾಷ್ಟ್ರೀಯ ಹೆದ್ದಾರಿ 16, ಸಗಮಿಹರಾ ನಗರದ ಎಲ್ಲೆಯನ್ನು ಹೊಕ್ಕಮೇಲೆ ಲಾರಿಗಳ ಮೆರವಣಿಗೆಯಾಗಿ ಪರಿಣಮಿಸುವುದೆಂಬುದು ಆ ಸೀಮೆಯವರಿಗೆಲ್ಲ ವಿದಿತವಾದ ಸಂಗತಿ. ಆ ಹೆದ್ದಾರಿಯ ಬದಿಯ ರಾಮೆನ್ ಅಂಗಡಿಯೊಂದರ ಅಂಗಳದಲ್ಲಿ, ಯಜಮಾನನು ಒಳಗೆ ಕುಳಿತು ಬಿಸಿ ಸಾರನ್ನು ಹೀರುತ್ತಿರಲು, ನಿಂತ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ವಿರಾಜಮಾನರಾಗಿದ್ದ ಶ್ರೀಮಾನ್ ಪರದೆಯವರು ನಮಗೆ ಸಂದರ್ಶನವನ್ನು ದಯಪಾಲಿಸಿದರು.

ತಮ್ಮ ವಂಶಾವಳಿಯನ್ನು ತುಸು ಅರುಹುವಿರಾ?

“ಅವಶ್ಯವಾಗಿ, ಸ್ವಾಮಿ. ನಮ್ಮ ಮೂಲಪುರುಷರು 1981ರಲ್ಲಿ ಹೋಂಡಾ ಕಾರಿನೊಳಗೆ ಅವತರಿಸಿದರು. ಉಪಗ್ರಹದ ನೆರವಿಲ್ಲದ ಆ ಕಾಲದಲ್ಲಿ, ಪಾರದರ್ಶಕ ಹಾಳೆಯ ಮೇಲಿನ ನಕ್ಷೆಯನ್ನು ಮುಂದಿರಿಸಿಕೊಂಡು, ಗೈರೊಸ್ಕೋಪಿನ ಬಲದಿಂದ ದಿಕ್ಕು ಹೇಳುತ್ತಿದ್ದ ಸಾತ್ತ್ವಿಕರು. 1996ರಲ್ಲಿ ರೇಡಿಯೋ ತರಂಗಗಳ ಮೂಲಕ ವಾಹನದಟ್ಟಣೆಯ ವರ್ತಮಾನ ಬರತೊಡಗಿತು. ಅವರೆಲ್ಲ ದಾರಿಯನ್ನಷ್ಟೇ ಬಲ್ಲವರು. ಅಂತರ್ಜಾಲದ ದೀಕ್ಷೆಯನ್ನು ಪಡೆದ ನಾನಾದರೋ ಹವೆ, ಹಾಡು, ಹೋಟೆಲು, ಯಜಮಾನರ ಸೋದರಮಾವನ ಹುಟ್ಟುಹಬ್ಬ, ಸಕಲವನ್ನೂ ಬಲ್ಲೆ.”

ಇದರಿಂದ ಲೋಕಕ್ಕೆ ಉಪಕಾರವಾದುದುಂಟೆ?

“2011ರ ಮಾರ್ಚ್ 11ರ ಭೂಕಂಪವನ್ನು ಮರೆತಿರಾ? ಯಾವ ರಸ್ತೆ ಉಳಿದಿದೆ, ಯಾವುದು ಕೊಚ್ಚಿಹೋಗಿದೆ ಎಂಬುದನ್ನು ಅರಿಯಲಾರದೆ ಜನ ತತ್ತರಿಸುತ್ತಿದ್ದಾಗ, ಓಡಾಡಿದ ಕಾರುಗಳು ತಾವಾಗಿ ಕಳುಹಿದ ಸಂಕೇತಗಳನ್ನು ಕೂಡಿಸಿ, ಸಂಚಾರಯೋಗ್ಯವಾದ ರಸ್ತೆಗಳ ನಕ್ಷೆಯನ್ನು ಹೋಂಡಾದವರು ಮರುದಿನವೇ ಸಾರ್ವಜನಿಕರಿಗೆ ಒಪ್ಪಿಸಿದರು.”

ಇಷ್ಟನ್ನು ನುಡಿಯುವಾಗ ಪರದೆಯವರ ಕಂಠ ಗದ್ಗದವಾಯಿತು. ನಾವೂ ಮನಃಪೂರ್ವಕವಾಗಿ ತಲೆಬಾಗಿದೆವು. ಆ ಸಂಕೇತಗಳನ್ನು ಕಳುಹಲು ಚಾಲಕರಾರೂ ಪರದೆಯನ್ನು ದಿಟ್ಟಿಸಬೇಕಾಗಿರಲಿಲ್ಲವೆಂಬ ಅಂಶ ಮಾತ್ರ ಅವರ ಲಕ್ಷ್ಯಕ್ಕೆ ಬಂದಂತೆ ತೋರಲಿಲ್ಲ.

ತಮ್ಮತ್ತ 2 ಸೆಕೆಂಡು ನೋಡಿದರೂ ಅಪಾಯವೆಂದು ಜಪಾನಿನ ಪೊಲೀಸ್ ಇಲಾಖೆ ಹೇಳುತ್ತದೆಯಲ್ಲ? ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಷ್ಟು ಹೊತ್ತಿಗೆ ಕಾರು 33 ಮೀಟರು ಕುರುಡಾಗಿ ಓಡಿರುತ್ತದೆ.

“ಎರಡೇ ಸೆಕೆಂಡೆ! ಅಷ್ಟರಲ್ಲಿ ನನ್ನ ಮೊದಲ ಪುಟವೂ ಸರಿಯಾಗಿ ತೆರೆದಿರುವುದಿಲ್ಲ. ಇಂಥ ಜಿಪುಣತನದಿಂದ ವಿಜ್ಞಾನ ಬೆಳೆದೀತೆ?”

2019ರ ಡಿಸೆಂಬರ್ 1ರಿಂದ ಶಾಸನ ಬಿಗಿಯಾಗಿದೆಯಷ್ಟೆ.

“ಅದು ಬಿಗಿದುದು ನನ್ನ ದಾಯಾದಿಯಾದ ಫೋನಿನ ಕೊರಳಿಗೆ. ಅವನನ್ನು ಕೈಯಲ್ಲಿ ಹಿಡಿದು ಕಾರು ನಡೆಸಿದವರಿಗೆ 6,000 ಯೆನ್ ಇದ್ದ ದಂಡ 18,000ಕ್ಕೆ ಏರಿತು, ಸೆರೆವಾಸವೂ ಉಂಟು. ನಾನು ಕುಲೀನ, ಸ್ವಸ್ಥಾನದಲ್ಲಿ ಪ್ರತಿಷ್ಠಿತನಾದವನು; ನನ್ನನ್ನು ಯಾರೂ ಹಿಡಿಯಬೇಕಾಗಿಲ್ಲ. ಓಡುವ ಕಾರಿನಲ್ಲಿ ನನ್ನನ್ನು ದಿಟ್ಟಿಸುವುದು ನಿಷಿದ್ಧವೇನೋ ಹೌದು. ಆದರೆ ಶಿಕ್ಷೆ ಅಪಾಯ ಸಂಭವಿಸಿದ ಮೇಲೆ, ಅದೂ ಚಾಲಕನಿಗೆ. ನನಗೇನು?”

ವಾಹನ ಚಲಿಸುವಾಗ ತಾವು ಟೀವಿ ಚಿತ್ರವನ್ನು ಅಡಗಿಸಿಕೊಳ್ಳುವಿರೆಂದು ಕೇಳಿದ್ದೇವೆ.

“ವ್ರತವೆಂದರೆ ವ್ರತ! ಆದರೆ ಆ ವ್ರತವನ್ನು ಭಂಗಿಸುವ ಪುಟ್ಟ ಕಿಟ್ಟನ್ನು ಕಾರಿನ ಸಲಕರಣೆಯ ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರುತ್ತಾರೆ. ಪಕ್ಕದಲ್ಲಿ ಕುಳಿತವರ ವಿನೋದಕ್ಕಾಗಿಯಂತೆ.” ಪರದೆಯವರು ಇಲ್ಲಿ ಕಣ್ಣು ಮಿಟುಕಿಸಿದರೆಂದು ನಮ್ಮ ಗುಮಾನಿ, ಅಥವಾ ಬೆಳಕು ತಾನಾಗಿ ಮಂದವಾಗಿರಲೂಬಹುದು.

ಕಡೆಯ ಪ್ರಶ್ನೆ. ಇದೇ ಊರಿನಲ್ಲಿ, ಫುಚಿನೊಬೆ ನಿಲ್ದಾಣಕ್ಕೆ ಅನತಿದೂರದಲ್ಲಿರುವ ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾದ ಆವರಣದಿಂದ ನಿಯಂತ್ರಿತವಾದ ಹಯಾಬುಸಾ-2 ನೌಕೆಯನ್ನು ಬಲ್ಲಿರಾ?

“ನಮ್ಮ ದೂರದ ನೆಂಟರು. ಪಾಪ, ಬಡ ಸಂಪರ್ಕ! 2019ರ ಫೆಬ್ರವರಿಯಲ್ಲಿ ರ್ಯುಗು ಕ್ಷುದ್ರಗ್ರಹದ ಮೇಲೆ ಇಳಿಯುವಾಗ ಅವರಿದ್ದುದು 34 ಕೋಟಿ ಕಿಲೋಮೀಟರು ಆಚೆ. ಇಲ್ಲಿಂದ ಒಂದು ಮಾತು ಮುಟ್ಟಲು 19 ನಿಮಿಷ ಬೇಕಾಗುತ್ತಿತ್ತು.”

ಆದುದರಿಂದಲೇ ಇಳಿಯುವಿಕೆಯ ಕಡೆಯ ಹಂತದಲ್ಲಿ ಯಾರ ಸಂದೇಶಕ್ಕೂ ಕಾಯದೆ, ಮುಂಚೆಯೇ ನೆಲದ ಮೇಲೆ ಹಾಕಿಟ್ಟ ಗುರುತಿನಲ್ಲಿ ತಮ್ಮ ಕಣ್ಣನ್ನು ನೆಟ್ಟು ತಾವೇ ಇಳಿದರಲ್ಲ!

“ಇಳಿದರು, ಇಳಿದರು. ಆದರೆ 2014ರಲ್ಲಿ ಹೊರಟು 2020ರಲ್ಲಿ ಮಣ್ಣನ್ನು ತಂದೊಪ್ಪಿಸುವವರೆಗಿನ ಆರು ವರ್ಷಗಳ ಪ್ರವಾಸದಲ್ಲಿ ಒಂದು ಕಾಫಿಯ ಕೂಪನ್ನಾದರೂ ಅವರಿಗೆ ಬಂದಿತೇ, ಕೇಳಿ ನೋಡಿ!”