'ದಿ' ಎಂಬ ಪೇಟ

ಕನ್ನಡ ಮಾಧ್ಯಮದಿಂದ ಪಿಯುಸಿಗೆ ಬಂದ ನನಗೆ ಎದುರಾದ ಮೊದಲ ಗಂಡಾಂತರ ಫಿಸಿಕ್ಸ್ ಅಲ್ಲ, 'ದಿ'. ನಮ್ಮ ಸೂರ್ಯ ಬರಿತಲೆಯಲ್ಲೇ ಹುಟ್ಟುತ್ತಾನೆ. ಇಂಗ್ಲಿಷಿನವನಿಗೆ 'ದಿ' ಎಂಬ ಪೇಟ ಬೇಕೇಬೇಕು. 'ಅವರ್'ಗೆ 'ಆ್ಯನ್' ಅಂತೆ, 'ಯೂನಿವರ್ಸಿಟಿ'ಗೆ 'ಎ' ಅಂತೆ. ಕಣ್ಣಿಗೆ ಕಾಣುವುದಲ್ಲ, ಕಿವಿಗೆ ಕೇಳುವುದೇ ಲೆಕ್ಕ! ನಮ್ಮ ಕ್ರಿಯಾಪದವೋ ಮದುವೆಯೂಟದ ಮಜ್ಜಿಗೆಯಂತೆ ಕೊನೆಗೆ ಬರುವ ಸಾಧು. ಅವರದ್ದು ಕರ್ತೃವಿನ ಬೆನ್ನಿಗೇ ನುಗ್ಗುತ್ತದೆ. ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕವನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದೂ ಉಂಟು. ಕತ್ತು ಉಳುಕಿತು, ಅಷ್ಟೇ.

ರಜಾ ಅರ್ಜಿ ಬರೆಯುವಾಗ ಇಡೀ ಹಾಸ್ಟೆಲ್ಲಿಗೆ ಒಂದೇ ನಮೂನೆ: 'ಸಫರಿಂಗ್ ಫ್ರಮ್ ಫೀವರ್'. ಅಕ್ಕನ ಮದುವೆಗೆ ಹೊರಟ ನಾನು ಕೊಂಚ ಸ್ವಂತಿಕೆ ಮೆರೆದೆ: 'ಮೈ ಸಿಸ್ಟರ್ ಈಸ್ ಸಫರಿಂಗ್ ಫ್ರಮ್ ಮ್ಯಾರೇಜ್'.

ಮೇಷ್ಟ್ರು ಕೆಂಪು ಪೆನ್ನು ಎತ್ತಿದರು. ಯಾಕೋ ಮತ್ತೆ ಕೆಳಗಿಟ್ಟರು.

"ಗ್ರಾಮರ್ ಸರಿಯಾಗಿದೆ ಕಣಯ್ಯಾ."