ಲೈನು: ಬೈರಕೂರು ಸೀಮೆಯಲ್ಲಿ ಒಂದು ಪದದ ಸ್ಥಿತಿ, ಗತಿ ಮತ್ತು ಟ್ರಿಪ್ಪು

ಗೆರೆ ಎಂದರೆ ಅಗಲವಿಲ್ಲದ ಉದ್ದ ಎಂದು ಯೂಕ್ಲಿಡ್ ಲಕ್ಷಣ ಹೇಳಿದ. ಆತ ಅಲೆಕ್ಸಾಂಡ್ರಿಯಾದವನು. ಮುಳಬಾಗಿಲು ತಾಲ್ಲೂಕಿನ ಬೈರಕೂರು ಕಡೆ ಓಡಾಡಿದ್ದಕ್ಕೆ ಶಾಸನಾಧಾರ ಸಿಕ್ಕಿಲ್ಲ. ಓಡಾಡಿದ್ದರೆ ಲಕ್ಷಣವನ್ನು ಅಲ್ಲೇ ತಿದ್ದಿಕೊಂಡು ಹೋಗುತ್ತಿದ್ದ. ಇಲ್ಲಿನ ಲೈನಿಗೆ ಉದ್ದ ಅಗಲಗಳ ಹಂಗಿಲ್ಲ. ಅದಕ್ಕಿರುವುದು ಎರಡೇ ಕ್ರಿಯಾಪದ. ಆದಕಾರಣ ಈ ಪ್ರಬಂಧದ ಆದ್ಯ ಸೂತ್ರ: ಲೈನು ಬರುತ್ತದೆ, ಹೋಗುತ್ತದೆ, ಇರುವುದಿಲ್ಲ.

ವೃತ್ತಿ: 'ಇರು' ಧಾತು ಈ ಪದದೊಡನೆ ಪ್ರಶ್ನೆಯಲ್ಲಿ ಮಾತ್ರ ಕೂಡುತ್ತದೆ. ಕರೆಂಟಿನ ಅರ್ಥದಲ್ಲಿ ಪ್ರಯೋಗ: "ಲೈನ್ ಐತಾಣ್ಣಾ?" "ಈಗ ತಾನೇ ಹೋಯ್ತಪ್ಪ." "ಯಾವಾಗ ಬಂದಿತ್ತು?" "ಅದು ಗೊತ್ತಾಗ್ಲಿಲ್ಲ." ಆಂಧ್ರದ ಗಡಿ ಹತ್ತಿರವಾದ್ದರಿಂದ "ಲೈನ್ ಉಂದಾನ್ನಾ?" ಎಂಬ ಪಾಠಾಂತರವೂ ಉಂಟು. ಉತ್ತರಕ್ಕೆ ಪಾಠಾಂತರವಿಲ್ಲ.

ಇತಿಹಾಸ ನೋಡಿದರೆ ಲೈನಿನ ವಿಷಯದಲ್ಲಿ ಕೋಲಾರ ಜಿಲ್ಲೆ ಬೆಂಗಳೂರಿಗಿಂತ ಹಿರಿಯದು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿನ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹಾಗಾದರೆ ನಾವೇ ಮೊದಲಲ್ಲವೇ ಎಂದು ಎದೆಯುಬ್ಬಿಸುವವರು ಒಂದು ಸೂಕ್ಷ್ಮ ಗಮನಿಸಬೇಕು. ಲೈನು ಬಂದದ್ದು ಗಣಿಗೆ. ಹಳ್ಳಿಗಳ ಪಾಲಿಗೆ ಅದು ತಲೆಯ ಮೇಲೆ ಹಾದುಹೋದ ವಿದ್ಯೆ. ಅದೇ ಗಣಿಯಲ್ಲಿ ಕಾರ್ಮಿಕರ ಸಾಲುಮನೆಗಳಿಗೂ ಲೈನು ಎಂದೇ ಹೆಸರು. 2001ರಲ್ಲಿ ಗಣಿ ಮುಚ್ಚಿತು, ಚಿನ್ನ ಹೋಯಿತು, ಕೆಲಸ ಹೋಯಿತು, ಮನೆಗಳು ಮಾತ್ರ ಲೈನಾಗಿಯೇ ನಿಂತಿವೆ. ನಮ್ಮ ಸೂತ್ರಕ್ಕೆ ಸಿಕ್ಕಿರುವ ಏಕೈಕ ಅಪವಾದ ಇದು. ಅಪವಾದ ಹೀಗಿರಬೇಕಾದರೆ ಸೂತ್ರವೇ ವಾಸಿ.

ಇನ್ನು ನಿಷ್ಪತ್ತಿ. ಲ್ಯಾಟಿನ್ನಿನಲ್ಲಿ ಅಗಸೆ ನಾರಿಗೆ 'ಲೀನುಮ್', ಅದರ ದಾರಕ್ಕೆ 'ಲೀನಿಯ', ಅದರಿಂದ ಲೈನು. ದಾರದ ಅರ್ಥ ಸವೆದು ಬರೀ ಗೆರೆ ಉಳಿಯಿತೆಂದು ಭಾಷಾಶಾಸ್ತ್ರಜ್ಞರು ನಿಟ್ಟುಸಿರು ಬಿಡಬಹುದು. ಅವರು ಟೊಮೆಟೊ ತೋಟ ನೋಡಿಲ್ಲ. ಗಿಡ ಮೊಣಕಾಲೆತ್ತರ ಬಂದಾಗ ನೀಲಗಿರಿ ಕಡ್ಡಿ ನೆಟ್ಟು, ಕಡ್ಡಿಯಿಂದ ಕಡ್ಡಿಗೆ ದಾರ ಬಿಗಿದು, ರೆಂಬೆಯ ಕಂಕುಳಿಗೆ ಒಂದು ಸುತ್ತು ಹಾಕಿ ಎತ್ತಿ ಕಟ್ಟುತ್ತಾರೆ. ರೋಮನ್ನರು ಕಳೆದುಕೊಂಡ ದಾರ ಬೈರಕೂರಿನಲ್ಲಿ ಕಾಯಿ ಹೊತ್ತುಕೊಂಡು ನಿಂತಿದೆ. 2023ರ ಜುಲೈನಲ್ಲಿ 15 ಕೆಜಿಯ ಬಾಕ್ಸು 2,000 ರೂಪಾಯಿ ದಾಟಿದಾಗ ವಡ್ಡಹಳ್ಳಿ ಮಂಡಿಯ ಮುಂದೆ ಗಾಡಿಗಳ ಲೈನಿಗೂ ಅಷ್ಟೇ ಗತ್ತು ಬಂದಿತ್ತು. ಬೆಲೆಯೂ ಲೈನಿನ ಜಾತಿಯದೇ ಎಂಬುದು ಮುಂದೆ ತಿಳಿಯಿತು: ಬಂತು, ಹೋಯಿತು.

ಪರ್ಯಾಯ ಪದಗಳಿಲ್ಲವೇ ಎಂದು ಪೂರ್ವಪಕ್ಷಿಗಳು ಕೇಳುತ್ತಾರೆ. ಉಂಟು. ಅಮರಕೋಶವು ವೀಥಿ, ಆವಲಿ, ಪಂಕ್ತಿ, ಶ್ರೇಣಿ ಎಂದು ಒಂದೇ ಉಸಿರಿಗೆ ನಿಲ್ಲಿಸಿಬಿಡುತ್ತದೆ. ಇವುಗಳಲ್ಲಿ ಪಂಕ್ತಿಯೊಂದೇ, ಅದೂ ಊಟದ ಎಲೆಯ ಬಲದಿಂದ, ಜೀವ ಉಳಿಸಿಕೊಂಡಿದೆ. ಅಚ್ಚಗನ್ನಡದ 'ಸಾಲು' ಲೈನಿಗೆ ಸಮಾನಾರ್ಥಕವೆಂಬ ವಾದ ಡ್ರಿಪ್ ಬಂದ ದಿನವೇ ಬಿದ್ದುಹೋಯಿತು. "ಸಾಲಿಗೊಂದು ಲೈನ್ ಎಳೀಬೇಕು" ಎಂದು ರೈತ ಹೇಳುವಾಗ ಸಾಲು ಮಣ್ಣು, ಲೈನು ಪೈಪು. ಎರಡೂ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ಕೂತ ಮೇಲೆ ಸಮಾನಾರ್ಥಕವೆಂದು ಯಾವ ಮುಖದಿಂದ ಹೇಳುವುದು? ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ಕಗ್ಗದಲ್ಲಿ 945 ಪದ್ಯ, ತಲಾ ನಾಲ್ಕು ಸಾಲು, ಒಟ್ಟು 3,780. ಇವುಗಳನ್ನು ಲೈನು ಎಂದವನಿಗೆ ಈ ತಾಲ್ಲೂಕಿನಲ್ಲಿ ಕಾಫಿ ಹುಟ್ಟುವುದಿಲ್ಲ.

ಇಂಗ್ಲಿಷಿನಲ್ಲಿ ಅರ್ಥಬಾಹುಳ್ಯಕ್ಕೆ ಹೆಸರಾದದ್ದು 'ಸೆಟ್'. 1989ರ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಅದಕ್ಕೆ 430 ಅರ್ಥ. ಆದರೆ ಇಲ್ಲಿ ಪಂಪ್‌ಸೆಟ್ಟು ನೀರೆತ್ತಲೂ ಸೆಟ್ ದೋಸೆಗೆ ಹಿಟ್ಟು ರುಬ್ಬಲೂ ಲೈನೇ ಬರಬೇಕು. 430 ಅರ್ಥ ಇಟ್ಟುಕೊಂಡು ಏನು ಮಾಡುವುದು, ತ್ರೀ ಫೇಸ್ ಇಲ್ಲದಿದ್ದರೆ?

ರೈಲ್ವೆ ಲೈನು: ಮುಳಬಾಗಿಲು ತಾಲ್ಲೂಕಿನಲ್ಲಿಲ್ಲ. ಚುನಾವಣೆಗೆ ಮುಂಚೆ ಬರುತ್ತದೆ, ಆಮೇಲೆ ಹೋಗುತ್ತದೆ. ಸೂತ್ರಕ್ಕೆ ಬಾಧೆಯಿಲ್ಲ.

ರೇಷನ್ ಲೈನಿನಲ್ಲಿ ಮಾತ್ರ ಹಳಗನ್ನಡ ವ್ಯಾಕರಣ ಸಾಂಗವಾಗಿ ಉಳಿದಿದೆ. ಬೆಳಗಿನ ಜಾವವೇ ನ್ಯಾಯಬೆಲೆ ಅಂಗಡಿಯ ಮುಂದೆ ಮಡಿಸಿದ ಯೂರಿಯಾ ಚೀಲ, ಅದರ ಮೇಲೊಂದು ಕಲ್ಲು, ಹಿಂದೆ ಪ್ಲಾಸ್ಟಿಕ್ ಬುಟ್ಟಿ, ಅದರ ಹಿಂದೆ ಬಾರು ಕಿತ್ತ ಹವಾಯಿ ಚಪ್ಪಲಿ. ಮನುಷ್ಯನ ಸ್ಥಾನದಲ್ಲಿ ಚೀಲ ಬಂದಿತಾದ್ದರಿಂದ ಇದು ಆದೇಶ. ಹತ್ತು ಗಂಟೆಗೆ ಚೀಲಕ್ಕೂ ಬುಟ್ಟಿಗೂ ನಡುವೆ ಯಾರದೋ ಭಾವಮೈದ "ನಾನ್ ಅವಾಗ್ಲೇ ಹೇಳ್ಬಿಟ್ ಹೋಗಿದ್ನಕ್ಕಾ" ಎಂದು ಬಂದು ಸೇರುವುದು ಆಗಮ. ಹೆಬ್ಬೆಟ್ಟು ಒತ್ತುವ ಯಂತ್ರದಲ್ಲಿ ಸರ್ವರ್ ಬಿದ್ದು ಇಡೀ ಲೈನು ಮರದ ನೆರಳಿಗೆ ಚದುರುವುದು ಲೋಪ. ಚಪ್ಪಲಿಯ ಒಡತಿಗೂ ಭಾವಮೈದನಿಗೂ ನಡೆಯುವುದನ್ನು ಸಂಧಿ ಎನ್ನಲಾಗದು, ವಿಗ್ರಹವೆನ್ನಬೇಕು.

ಶೃಂಗಾರದಲ್ಲಿ ಲೈನು 'ಹೊಡೆ' ಧಾತುವನ್ನು ಪಡೆಯುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಉದಾಹರಣೆಗಳು ಹೇರಳವಾಗಿರುವುದರಿಂದ ವಿಸ್ತರಿಸುವುದಿಲ್ಲ.

ವಿದ್ವಾಂಸರು ನಿಜಕ್ಕೂ ತಲೆ ಕೆಡಿಸಿಕೊಳ್ಳಬೇಕಾದದ್ದು 'ಲೈನ್ ಕ್ಲಿಯರ್' ಎಂಬ ಸಮಾಸದಲ್ಲಿ. ಬಂಗಾರಪೇಟೆಯ ಸ್ಟೇಷನ್ ಮಾಸ್ಟರಿಗೆ ಅದು ಮುಂದಿನ ಸ್ಟೇಷನ್ನಿನ ಒಪ್ಪಿಗೆ, ರೈಲು ಬಿಡಬಹುದು. ಟೊಮೆಟೊ ಲೋಡು ಹೊತ್ತ ಡ್ರೈವರ್ ನಂಗಲಿ ಕಡೆಯಿಂದ ಬಂದ ಗಾಡಿಗೆ ದೀಪ ಮಿಣುಕಿಸಿ ಕೇಳಿದರೆ, ಮುಂದೆ ಕೈ ಅಡ್ಡ ಹಿಡಿಯುವವರು ಯಾರೂ ಇಲ್ಲ ತಾನೇ ಎಂದು ಅರ್ಥ. ಹುಡುಗರ ಪರಿಭಾಷೆಯಲ್ಲಿ ಆಕೆಯ ಅಣ್ಣ ಊರಲ್ಲಿಲ್ಲ ಎಂದು. ಮೂವರಿಗೂ ಅದು ಹೊರಡುವ ಸಂಕೇತ. ಲೈನ್‌ಮನ್‌ಗೆ ಮಾತ್ರ ತದ್ವಿರುದ್ಧ. ಸಬ್‌ಸ್ಟೇಷನ್ನಿನಿಂದ ಎಲ್‌ಸಿ ತಗೊಂಡ ಎಂದರೆ ಲೈನು ಸತ್ತಿದೆ, ಕಂಬ ಹತ್ತಬಹುದು. "ಎಲ್‌ಸಿ ತಗೊಂಡವ್ರೆ" ಎಂಬ ಎರಡು ಪದ ಕೇಳಿದೊಡನೆ ಫ್ಲೋರ್‌ಮಿಲ್ಲಿನ ಮುಂದೆ ರಾಗಿ ಚೀಲ ಇಟ್ಟವರು ಚೀಲವನ್ನು ಅಲ್ಲೇ ಬಿಟ್ಟು ಮನೆಗೆ ಹೋಗುತ್ತಾರೆ. ಒಂದೇ ಸಮಾಸ, ಒಬ್ಬನಿಗೆ ಗತಿ, ಇನ್ನೊಬ್ಬನಿಗೆ ಸ್ತಂಭನ. ವೈಯಾಕರಣರು ಇದನ್ನು ಯಾವ ಸಮಾಸಕ್ಕೆ ಸೇರಿಸುತ್ತಾರೋ ಸೇರಿಸಲಿ. ತಪ್ಪಾಗಿ ಅರ್ಥ ಮಾಡಿಕೊಂಡರೆ ಪ್ರಾಣ ಹೋಗುವ ಸಮಾಸ ಇದೊಂದೇ.

ಅದಕ್ಕೇ ಕಂಬದ ಶಾಸ್ತ್ರದಲ್ಲಿ ಕಟ್ಟುನಿಟ್ಟಿನ ವಿಧಿಯೊಂದಿದೆ: ಎಲ್‌ಸಿ ತಗೊಂಡವನೇ ಖುದ್ದಾಗಿ ವಾಪಸ್ ಕೊಡಬೇಕು. ಅಲ್ಲಿಯ ತನಕ ಸಚಿವರೇ ಫೋನ್ ಮಾಡಿದರೂ ಲೈನು ಬಿಡುವಂತಿಲ್ಲ. ಈ ವಿಧಿಯನ್ನು ಹುಡುಗರ ಲೈನ್ ಕ್ಲಿಯರಿಗೂ ಅನ್ವಯಿಸಬಹುದೇ, ಮದುವೆಯಾದ ಮೇಲೆ ವಾಪಸ್ ಕೊಡಲು ಬರುತ್ತದೆಯೇ ಎಂದು ಟ್ರಾನ್ಸ್‌ಫಾರ್ಮರ್ ಕಂಬದ ಬುಡದಲ್ಲಿ ನಿಂತು, ಮೇಲೆ ಕೆಲಸದಲ್ಲಿದ್ದ ಲೈನ್‌ಮನ್ನರನ್ನು ಪ್ರಸ್ತುತ ಲೇಖಕ ವಿನಯದಿಂದ ಕೇಳಿದ. ಅವರು ಕೆಳಗೆ ಬಗ್ಗಿ ನೋಡಿ, "ಸಾರ್, ಸುಮ್ನೆ ನಿಂತಿದೀರಲ್ಲ, ಆ ಕಟಿಂಗ್ ಪ್ಲೇಯರ್ ಒಸಿ ಹಗ್ಗಕ್ಕೆ ಕಟ್ರಿ" ಅಂದರು.