ಪಟಾಕಿ ರಾಯರು

ನಮ್ಮ ಬೀದಿಯ ಹುಡುಗರು ಇಟ್ಟ ಹೆಸರು ಪಟಾಕಿ ರಾಯರು. ಸಿಡಿಯಲು ದೀಪಾವಳಿಯವರೆಗೆ ಕಾಯುವವರಲ್ಲ. ಕಾಫಿ ಆರಿದ್ದರೆ ಢಂ. ಬಿಸಿಯಿದ್ದು ನಾಲಿಗೆ ಸುಟ್ಟರೆ ಢಂ ಢಮಾರ್. ಪೇಪರಿನ ಹುಡುಗ ಒಳಗೆಸೆದರೆ "ನಾಯಿಗೆ ಬಿಸಾಕಿದ ಹಾಗೆ ಬಿಸಾಕ್ತಾನೆ"; ಗೇಟಿಗೆ ಸಿಕ್ಕಿಸಿ ಹೋದರೆ "ಒಳಗೆ ಹಾಕೋಕೆ ಇವನ ಕೈಗೇನು ಬಂದಿದೆ?"

"ಏನ್ ಮಾಡ್ಲಿ ಸ್ವಾಮಿ, ಸಿಟ್ಟು ಬಂದ್ರೆ ನನ್ನ ಕೈಲಿಲ್ಲ. ಆದ್ರೆ ಮನಸ್ಸಿನಲ್ಲಿ ಏನೂ ಇಟ್ಕೊಳ್ಳಲ್ಲ ನೋಡಿ" ಎನ್ನುತ್ತಾರೆ. ನಿಜವೇ. ಎಲ್ಲವನ್ನೂ ಎದುರಿಗಿದ್ದವರ ಮನಸ್ಸಿನಲ್ಲಿಟ್ಟು ಬಂದಿರುತ್ತಾರೆ.

ಕೈಲಿಲ್ಲದ ಈ ಸಿಟ್ಟಿಗೆ ಕಣ್ಣು ಮಾತ್ರ ಬಲು ಚುರುಕು. ಸಿಗ್ನಲ್ಲಿನಲ್ಲಿ ಹಾರ್ನ್ ಹೊಡೆದ ಆಟೋದವನ ಜೊತೆ ತೋಳೇರಿಸಿ ನಿಂತ ರಾಯರು, ಟ್ರಾಫಿಕ್ ಪೊಲೀಸ್ ಹತ್ತಿರ ಬಂದದ್ದೇ ತಡ, "ಏನಿಲ್ಲ ಸಾರ್, ಸುಮ್ನೆ ಮಾತಾಡ್ತಿದ್ವಿ" ಎಂದು ಹಲ್ಲು ಬಿಟ್ಟರು. ಆಫೀಸಿನಲ್ಲಿ ಸಾಹೇಬರು ಫೈಲು ಎಸೆದರೆ ನಗುನಗುತ್ತಲೇ ಎತ್ತಿಕೊಳ್ಳುತ್ತಾರೆ. ಅದರ ಅಸಲು, ಬಡ್ಡಿ ಎರಡೂ ವಸೂಲಾಗುವುದು ರಾತ್ರಿ ಮನೆಯಲ್ಲಿ, ಉಪ್ಪು ಕಮ್ಮಿಯಾದ ಹುಳಿಯ ನೆಪದಲ್ಲಿ.

ಮನೆಯವರೂ ಪಳಗಿದ್ದಾರೆ. ಸ್ಕೂಟರಿನ ಸದ್ದು ಕೇಳಿದರೆ ಟಿವಿ ಬಂದ್, ಮಗನ ಕೈಗೆ ಪುಸ್ತಕ, ಮಾತಿಗೆ ಬೀಗ. ಗಣಿತದಲ್ಲಿ ಡುಮ್ಕಿ ಹೊಡೆದ ಮಾರ್ಕ್ಸ್ ಕಾರ್ಡಿಗೆ ಸೋದರಮಾವನ ಸಹಿ. ಮಗಳು ಹುಡುಗನನ್ನು ನೋಡಿಕೊಂಡಿರುವ ಸಂಗತಿ ಅಜ್ಜಿಗೆ, ಚಿಕ್ಕಮ್ಮನಿಗೆ, ಹಾಲಿನವನಿಗೂ ಗೊತ್ತು, ಅಪ್ಪನಿಗೆ ಗೊತ್ತಿಲ್ಲ. "ಈ ಮನೇಲಿ ನನಗೆ ಯಾರೂ ಏನೂ ಹೇಳಲ್ಲ" ಎಂದು ಅದಕ್ಕೂ ಒಂದು ಸುತ್ತು ಸಿಡಿಯುತ್ತಾರೆ. ಹೇಳದೆ ಇರುವುದನ್ನು ಕಲಿಸಿದ ಗುರುಗಳು ತಾವೇ ಎಂಬುದು ಮಾತ್ರ ಹೊಳೆದಿಲ್ಲ.

ಮನೆಯವರು ಬಾಯಿಬಿಡದಿದ್ದರೂ ಮೈ ಬಿಟ್ಟೀತೇ? ಸಿಟ್ಟು ಬಂದಾಗ ಅಡ್ರಿನಲಿನ್ ಉಕ್ಕುತ್ತದೆ, ಎದೆಬಡಿತ ಏರುತ್ತದೆ, ರಕ್ತದೊತ್ತಡವೂ ಏರುತ್ತದೆ. ಬಿಪಿ ನೋಡಿದ ಡಾಕ್ಟರು, ಜೋರಾಗಿ ಸಿಟ್ಟಾದ ಮೇಲಿನ 2 ಗಂಟೆ ಹೃದಯಾಘಾತದ ಅಪಾಯ ಹೆಚ್ಚು ಎಂದು ಎಚ್ಚರಿಸಿದರು. ದಿನಕ್ಕೆ 12 ಸಲ ಸಿಡಿಯುವ ರಾಯರಿಗೆ ಇಡೀ 24 ಗಂಟೆಯೂ ಅಪಾಯದ ಲೆಕ್ಕಕ್ಕೇ ಹೋಯಿತು! ಡಾಕ್ಟರ ಮುಂದೆ ವಿನಯದಿಂದ ತಲೆಯಾಡಿಸಿದ ರಾಯರು, ಹೊರಗೆ ಬಂದು ಟೋಕನ್ ಕೊಡುವ ಹುಡುಗನ ಮೇಲೆ ಹಾರಿಬಿದ್ದರು.

ಹಾಗಾಗಿ ನನ್ನ ತೀರ್ಪು ಇಷ್ಟೇ: ಪೊಲೀಸರೆದುರು, ಸಾಹೇಬರೆದುರು, ಡಾಕ್ಟರೆದುರು ಅಡಗುವ ಸಿಟ್ಟು ಹೆಂಡತಿ ಮಕ್ಕಳೆದುರೂ ಅಡಗೀತು. ಅದು ಸ್ವಭಾವವಲ್ಲ, ಸಲಿಗೆ. ನೀವು ಗೇಟು ತೆಗೆದಾಗ ನಿಮ್ಮ ಮನೆಯ ಟಿವಿಯೂ ತಟ್ಟನೆ ಬಂದ್ ಆಗುತ್ತಿದ್ದರೆ ಸ್ವಲ್ಪ ಯೋಚಿಸಿ. ಒಬ್ಬರೇ ನಿಭಾಯಿಸಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಲೈನ್ ಬ್ಯುಸಿ ಬಂದರೆ ಮಾತ್ರ, ದಯವಿಟ್ಟು, ಫೋನ್ ಎಸೆಯಬೇಡಿ.